ಕುರಿ ಎಷ್ಟೆಂದು ಕೇಳಿದವರು

ದೊಡ್ಡ ಕಂಪನಿಗಳಿಗೆ ಬುದ್ಧಿ ಹೇಳಿಯೇ ಹೊಟ್ಟೆ ಹೊರೆಯುವ ಕನ್ಸಲ್ಟಿಂಗ್ ಕಂಪನಿಯೊಂದು ಹೈದರಾಬಾದಿನ ನಮ್ಮ ಕಾಲೇಜಿಗೆ ಸಂದರ್ಶನಕ್ಕೆ ಬಂದಿತ್ತು. ನನಗೆ ತರಬೇತಿ ಕೊಟ್ಟ ಸೀನಿಯರ್ ಒಂದೇ ಮಾತು ಹಿಡಿದು ಕೂತಿದ್ದಳು: ಅಂಕ ಎಲ್ಲರಿಗೂ ಇದೆ, ನೀನು ಬೇರೆಯಾಗಿ ಕಾಣಬೇಕು, ಮಕ್ತಲ್ ಕಡೆಯ ಕುರಿಗಾರನ ಮಗಳು ಎಂಬುದನ್ನೇ ಮೊದಲು ಹೇಳು. ಎರಡು ವರ್ಷ ಕಣ್ಣು ಕೆಂಪಗೆ ಮಾಡಿಕೊಂಡು ಕಲಿತದ್ದೆಲ್ಲ ಮೂಲೆಗೆ, ಅಪ್ಪನ ಕುರಿ ಮುಂದಕ್ಕೆ. ಆಗಲೇ ಮೈ ಉರಿದಿತ್ತು. ಆದರೆ ಆ ಕೆಲಸ ನನಗೆ ಬೇಕೇ ಬೇಕಾಗಿತ್ತು, ಹೇಳಿದೆ.

ಎದುರಿಗಿದ್ದ ಇಬ್ಬರ ಮುಖ ಅರಳಿತು. ಒಬ್ಬರು ಪೆನ್ನು ತೆಗೆದು, ಮನೆಯಲ್ಲಿ ಕುರಿ ಎಷ್ಟಿವೆ ಎಂದು ಕೇಳಿದರು.

ನಮ್ಮಲ್ಲಿ ಅದನ್ನು ಯಾರೂ ಕೇಳುವುದಿಲ್ಲ, ಕೇಳಿದರೂ ಹೇಳುವುದಿಲ್ಲ. ಎಣಿಕೆ ಬಾಯಿಗೆ ಬಂದರೆ ಹಿಂಡಿಗೆ ದೃಷ್ಟಿ ತಾಗುತ್ತದೆ. ಹಾಗಂತ ಅಪ್ಪನಿಗೆ ಲೆಕ್ಕ ಬಾರದೆಂದಲ್ಲ. ಸಂಜೆ ಹಿಂಡು ಹಟ್ಟಿಗೆ ನುಗ್ಗುವಾಗ ಒಮ್ಮೆ ಕಣ್ಣಾಡಿಸಿ, ಹಿಂದೆ ಉಳಿದ ಕುರಿ ಯಾವುದೆಂದು ಹೇಳಬಲ್ಲ. ನನಗೆ ತೋಚಿದ್ದು ಮನೆಯ ಉತ್ತರವೇ, ಅದನ್ನೇ ಇಂಗ್ಲಿಷಿಗೆ ತಿರುಗಿಸಿದೆ: ನಮ್ಮ ದೇವರು ಬೀರಪ್ಪ ಕೊಟ್ಟಷ್ಟು ಇವೆ ಸರ್. ಇಬ್ಬರೂ ನಕ್ಕರು. ಸುಮಾರಾಗಿಯಾದರೂ ಹೇಳಿ ಎಂದರು. ಅದೇ ಮಾತನ್ನು ಇನ್ನೊಮ್ಮೆ ಹೇಳಿದೆ.

ಮರುದಿನ ಬಂದ ಷರಾ: ಸಂಖ್ಯೆಗಳ ಜೊತೆ ಒಗ್ಗುವುದಿಲ್ಲ. ಅವರದೇ ಲಿಖಿತ ಪರೀಕ್ಷೆಯ ಲೆಕ್ಕದಲ್ಲಿ ಇಡೀ ತರಗತಿಗೆ ನಾನೇ ಮೊದಲಿಗಳು.

ಊರಿಗೆ ಹೋದೆ. ಅಪ್ಪ ಹಟ್ಟಿಯ ಬಾಗಿಲಲ್ಲಿ ಕಂಬಳಿ ಕೊಡವುತ್ತಿದ್ದ.

"ಏನ್ ಕೇಳಿದ್ರವ್ವಾ?"

"ಕುರಿ ಎಷ್ಟದಾವ ಅಂತ ಕೇಳಿದ್ರಪ್ಪ."

ಅವನ ಕೈ ನಿಂತಿತು. "ನೀ ಹೇಳಲಿಲ್ಲ, ಹೌದಿಲ್ಲ?"

"ಇಲ್ಲ."

"ಚಲೋ ಮಾಡಿದಿ. ನೌಕರಿ ಇನ್ನೊಂದು ಸಿಗತೈತಿ."

ಸಿಕ್ಕಿತು. ಮುಂದಿನ ತಿಂಗಳು ಬಂದ ಕಂಪನಿಯವರೂ ಅದನ್ನೇ ಕೇಳಿದರು. ಕುರಿಗಾರನ ಮಗಳನ್ನು ಕೇಳಲು ಇವರಿಗೆ ಬೇರೇನೂ ಹೊಳೆಯುವುದಿಲ್ಲ. "ನೂರ ನಲವತ್ತೇಳು" ಎಂದೆ, ಬಾಯಿಗೆ ಬಂದದ್ದು. ಎಷ್ಟು ಖಚಿತವಾಗಿ ಮಾತಾಡುತ್ತೀರಿ ಎಂದು ಮೆಚ್ಚಿಕೊಂಡರು, ಕೆಲಸವನ್ನೂ ಕೊಟ್ಟರು. ಹೇಳಿದ ಸುಳ್ಳಿಗಿಂತ ಆ ಮೆಚ್ಚುಗೆ ನೆನೆದರೆ ಈಗಲೂ ಸಿಟ್ಟು ಬರುತ್ತದೆ.

ಅಪ್ಪನಿಗೂ ಅದೇ ಸಿಟ್ಟಿನಲ್ಲಿ ಹೇಳಿದೆ: "ನಮ್ಮದಲ್ಲದ ಲೆಕ್ಕ ಹೇಳಿ ಬಂದೀನಿ, ಬರಕೊಂಡ್ರು."

ಅವನು ನಗುತ್ತಾನೆಂದುಕೊಂಡಿದ್ದೆ. ಎಷ್ಟು ಹೇಳಿದಿ ಎಂದು ಕೇಳಿದ. ಹೇಳಿದೆ.

"ಅಷ್ಟ ಕುರಿ ಇರೋರು ಎಲ್ಲೋ ಯಾರರೆ ಇರ್ತಾರಲ್ಲವ್ವಾ" ಎಂದ. "ಅವರಿಗೆ ತಾಗತೈತಿ."