ಬಿಡುವ ಹೊತ್ತಿಲ್ಲದ ಗ್ರಹಣ

ಕೊರೊನಾ ಕಾಟ ಮುಗಿದು ಜನ ಮಾಸ್ಕನ್ನು ಮರೆತ ಮೇಲಿನ ಎರಡನೇ ಚಳಿಗಾಲ. ಆಗ ನಾನು ಬಂಗಾರಪೇಟೆ ತಾಲ್ಲೂಕು ಬೂದಿಕೋಟೆ ಹೋಬಳಿಯ ಒಂದು ಆರೋಗ್ಯ ಉಪಕೇಂದ್ರದಲ್ಲಿ ಆರೋಗ್ಯ ಸಹಾಯಕಿಯಾಗಿದ್ದೆ. ನಿವೃತ್ತಿಗೆ ಇನ್ನೊಂದು ವರ್ಷ ಬಾಕಿ ಇತ್ತು. ಬಸುರಿಯರ ತಪಾಸಣೆ, ಮಕ್ಕಳ ಚುಚ್ಚುಮದ್ದು, ಬಾಣಂತಿಯರ ಆರೈಕೆ ನನ್ನ ಕೆಲಸ. ಸರ್ಕಾರ ನಮ್ಮ ಹುದ್ದೆಯ ಹೆಸರನ್ನು ಎಷ್ಟು ಸಲ ಬದಲಾಯಿಸಿದರೂ ಊರವರಿಗೆ ನಾನು ಸಿಸ್ಟರಮ್ಮನೇ. ಸರ್ವಿಸಿನಲ್ಲಿ ಎಂತೆಂಥ ಕಷ್ಟದ ಹೆರಿಗೆಗಳನ್ನೋ ನೋಡಿದ್ದೇನೆ. ಆದರೂ ಯಾರಾದರೂ ಕೇಳಿದರೆ ನಾನು ಹೇಳುವುದು ಸುಗುಣಳ ಕೇಸು. ಅದರಲ್ಲಿ ಕಾಯಿಲೆ ಕೊಟ್ಟಷ್ಟೇ ಕಾಟವನ್ನು ಒಂದು ಕನ್ನಡ ಪದವೂ ಕೊಟ್ಟಿತು.

ಆ ಚಳಿಗಾಲದ ಒಂದು ಸಂಜೆ, ಆಗಷ್ಟೇ ಕತ್ತಲು ಕವಿಯುತ್ತಿದ್ದಾಗ, ಪಶ್ಚಿಮದಿಂದ ಬೆಳಕಿನ ಚುಕ್ಕಿಗಳ ಸಾಲೊಂದು ಎದ್ದಿತು. ಒಂದರ ಹಿಂದೆ ಒಂದು, ಸದ್ದಿಲ್ಲದೆ ನೆತ್ತಿಯ ತನಕ ಬಂದು ಅಲ್ಲೇ ಒಂದೊಂದಾಗಿ ಮಾಯವಾಯಿತು. ಬಂಗಾರಪೇಟೆಯಲ್ಲಿ ಪಾನಿಪುರಿ ತಿನ್ನುತ್ತಿದ್ದವರು ತಟ್ಟೆ ಹಿಡಿದುಕೊಂಡೇ ಕತ್ತೆತ್ತಿ ನಿಂತರಂತೆ. ಸ್ಟೇಷನ್ನಿನಲ್ಲಿದ್ದವರು ಆಕಾಶದಲ್ಲಿ ರೈಲು ಹೋಯಿತು ಅಂದರು. ಕೆಜಿಎಫ್‌ನ ಉರಿಗಾಂ ಕಡೆಯವರು ಯುದ್ಧದ ಕ್ಷಿಪಣಿ ಅಂದರು. ನಮ್ಮ ಹಳ್ಳಿಗಳಲ್ಲಿ ಅದು ಕೊಳ್ಳಿದೆವ್ವಗಳ ಮೆರವಣಿಗೆ ಆಯಿತು.

ಅವು ಇಂಟರ್ನೆಟ್ ಕೊಡುವ ಉಪಗ್ರಹಗಳು. ಭೂಮಿಯ ಮೂಲೆಮೂಲೆಗೂ ನೆಟ್‌ವರ್ಕ್ ಮುಟ್ಟಿಸಲು ಸಾವಿರಾರು ಉಪಗ್ರಹಗಳನ್ನು ಹಾರಿಸುತ್ತಾರೆ. ಒಂದು ರಾಕೆಟ್ಟಿನಿಂದ ಒಂದು ಗುಂಪನ್ನು ಒಟ್ಟಿಗೆ ಬಿಡುವುದರಿಂದ ಮೊದಲ ಕೆಲವು ದಿನ ಸಾಲಾಗಿ ಕಾಣುತ್ತವೆ, ಆಮೇಲೆ ಚದುರಿ ಮೇಲಕ್ಕೇರುತ್ತವೆ. ಇನ್ನೊಂದು ರಾಕೆಟ್ ಹಾರಿದರೆ ಮತ್ತೊಂದು ಸಾಲು ಬರುತ್ತದೆ. ಇದೆಲ್ಲ ನನಗೂ ತಿಳಿದದ್ದು ಆಮೇಲೆಯೇ.

ಜನ ಹೆದರಬಾರದೆಂದು ನಮ್ಮ ಕಡೆಯ ಪಂಚಾಯಿತಿಯವರು ಕಸದ ಗಾಡಿಯ ಮೈಕಿನಲ್ಲಿ ಪ್ರಚಾರ ಮಾಡಿಸಿದರು. ಹಸಿ ಕಸ ಒಣ ಕಸದ ಹಾಡು ಮುಗಿದ ತಕ್ಷಣ, "ಆಕಾಶದಲ್ಲಿ ಕಾಣುತ್ತಿರುವುದು ಉಪಗ್ರಹಗಳ ಸಾಲು, ಸಾರ್ವಜನಿಕರು ಭಯಪಡಬಾರದು" ಅಂತ ಒಂದು ದನಿ ಬರುತ್ತಿತ್ತು. ಅಲ್ಲಿಗೆ ಕೆಟ್ಟಿತು ಕೆಲಸ. ಕೊಳ್ಳಿದೆವ್ವಕ್ಕಾದರೆ ಒಂದು ತಾಯಿತ ಸಾಕು, ಗ್ರಹಕ್ಕೆ ಏನು ಮಾಡುವುದು? ಶನಿ, ರಾಹು, ಕೇತು ಸಾಲದು ಅಂತ ಈಗ ಅವುಗಳ ಮರಿಗಳೂ ಸಾಲುಗಟ್ಟಿ ಬಂದಿವೆ ಅಂತ ಜನ ಅರ್ಥ ಮಾಡಿಕೊಂಡರು. ಸ್ಯಾಟಲೈಟ್ ಅಂತ ಹೇಳಿ ನೋಡಿದೆ. "ಬೆಂಗಳೂರಿನ ಸ್ಯಾಟಲೈಟ್ ಬಸ್‌ಸ್ಟ್ಯಾಂಡಾ ಸಿಸ್ಟರಮ್ಮ?" ಅಂದರು.

ಕೊನೆಗೆ ಬಂಗಾರಪೇಟೆಯಿಂದ ವಿಜ್ಞಾನದ ಮೇಷ್ಟ್ರೊಬ್ಬರನ್ನು ಕರೆಸಿ ಶಾಲೆಯಲ್ಲಿ ಭಾಷಣ ಇಟ್ಟರು. ಅವರು ಚೆನ್ನಾಗಿಯೇ ಹೇಳಿದರು. ಉಪಗ್ರಹಗಳು ಸಂಜೆ ಮತ್ತು ನಸುಕಿನಲ್ಲಿ ಮಾತ್ರ ಕಾಣುತ್ತವೆ, ಆದರೆ ಹಗಲೂ ರಾತ್ರಿ ನಮ್ಮ ತಲೆಯ ಮೇಲೆ ತಿರುಗುತ್ತಲೇ ಇರುತ್ತವೆ, ಮುಂದೆ ಇನ್ನೂ ಹೆಚ್ಚುತ್ತವೆ ಅಂದರು. ಪೂರ್ತಿ ನಿಜ. ಮುಂದಿನ ಸಾಲಿನಲ್ಲಿ ಕೂತು ಅದನ್ನು ಕಿವಿಗೊಟ್ಟು ಕೇಳಿಸಿಕೊಂಡವರು ಮುನಿವೆಂಕಟಮ್ಮ. ಅವರ ಸೊಸೆ ಸುಗುಣ ಎಂಟು ತಿಂಗಳ ಬಸುರಿ.

ಗ್ರಹಣದ ಹೊತ್ತಿನಲ್ಲಿ ಬಸುರಿಯನ್ನು ಹೊರಗೆ ಬಿಡುವುದಿಲ್ಲ, ಇದು ನಮ್ಮ ಕಡೆ ಎಲ್ಲರಿಗೂ ಗೊತ್ತು. ಹಿಡಿದ ಗ್ರಹಣ ಬಿಡುತ್ತದೆ, ಬಿಡುವ ಹೊತ್ತು ಪಂಚಾಂಗದಲ್ಲಿರುತ್ತದೆ, ಮುಗಿದ ಮೇಲೆ ತಲೆಗೆ ನೀರು ಹಾಕಿಕೊಂಡು ಆಚೆ ಬರಬಹುದು. ಹಗಲೂ ರಾತ್ರಿ ತಿರುಗುವ ಗ್ರಹ ಯಾವಾಗ ಬಿಡುತ್ತದೆ? ಭಾಷಣದ ಮಾರನೆಯ ದಿನದಿಂದಲೇ ಸುಗುಣ ಒಳಕೋಣೆ ಸೇರಿದಳು. ಬಚ್ಚಲಿಗೆ ಹೋಗಬೇಕಾದರೂ ಛತ್ರಿ. ತಪಾಸಣೆಗೆ ಬರಲಿಲ್ಲ. ಅವಳದು ಕೆಜಿಎಫ್‌ನ ಚಾಂಪಿಯನ್ ರೀಫ್ಸ್, ಮೊದಲ ಹೆರಿಗೆ ತವರಿನಲ್ಲಿ ಆಗಬೇಕಿತ್ತು. ಅಪ್ಪ ಪೆರುಮಾಳ್ ಕರೆದುಕೊಂಡು ಹೋಗಲು ಬಂದು ಬಂದು ಬರಿಗೈಯಲ್ಲಿ ಮರಳಿದ್ದರು. ಅವರು ಚಿನ್ನದ ಗಣಿಯಲ್ಲಿ ಕೆಲಸ ಮಾಡಿದವರು, ಕೆಮ್ಮುತ್ತಲೇ ಮಾತಾಡುವ ಸೌಮ್ಯ ಮನುಷ್ಯ. ಗಂಡ ನಾರಾಯಣಸ್ವಾಮಿ ಕೆಜಿಎಫ್‌ನ ಕಾರ್ಖಾನೆಯೊಂದರಲ್ಲಿ ಎರಡನೇ ಪಾಳಿಯಲ್ಲಿದ್ದ. ತಾಯಿಯ ಮಾತಿಗೆ ಎದುರಾಡುವ ಧೈರ್ಯ ಅವನಿಗೆ ಮೂರೂ ಪಾಳಿಯಲ್ಲಿ ಇರಲಿಲ್ಲ.

ವಿಷಯ ಆಶಾ ಕಾರ್ಯಕರ್ತೆಯಿಂದ ತಿಳಿದ ದಿನ ಚುಚ್ಚುಮದ್ದಿನ ಕೆಲಸ ಮುಗಿಸಿ ಹೊರಟೆ. ತಲುಪುವಷ್ಟರಲ್ಲಿ ಹೊತ್ತು ಇಳಿದಿತ್ತು. ಪೆರುಮಾಳ್ ಬಾಳೆಹಣ್ಣಿನ ಚೀಲ ಪಕ್ಕದಲ್ಲಿಟ್ಟುಕೊಂಡು ಜಗುಲಿಯ ಮೇಲೆ ಕೂತಿದ್ದರು. ಒಳಕೋಣೆಯ ಕಿಟಕಿಗೆ ಗೋಣಿಚೀಲ ತುರುಕಿದ್ದರು. ದೀಪವೂ ಇಲ್ಲ, ಗಾಳಿಯೂ ಇಲ್ಲ, ನನಗೇ ಉಸಿರು ಕಟ್ಟಿದಂತಾಯಿತು. ಟಾರ್ಚ್ ಹಾಕಿದರೆ ಸುಗುಣಳ ಮುಖ ಊದಿಕೊಂಡಿತ್ತು. ಪಾದ ಒತ್ತಿದರೆ ಬೆರಳಿನ ಗುಳಿ ಹಾಗೇ ಉಳಿಯಿತು.

"ತಲೆ ಸಿಡೀತದೆ ಸಿಸ್ಟರ್," ಅಂದಳು. "ಬೆಳಗ್ಗೆಯಿಂದ ಕಣ್ ಮುಂದೆ ಲೈಟು ಮಿಣ ಮಿಣ ಅಂತದೆ. ಕಣ್ ಮುಚ್ಚಿದ್ರೂ ಓಗಲ್ಲ."

ಬಾಗಿಲಲ್ಲಿ ನಿಂತಿದ್ದ ಮುನಿವೆಂಕಟಮ್ಮ ಎದೆ ಹಿಡಿದುಕೊಂಡರು. "ನೋಡಿದ್ರಾ? ಗೋಣಿ ತುರ್ಕಿದ್ರೂ ಬಿಡ್ಲಿಲ್ಲ. ಒಳಕ್ಕೇ ಬಂದ್ಬಿಟ್ಟವೆ."

ಬಿ.ಪಿ. ನೋಡಿದೆ. ನೂರಾ ಎಪ್ಪತ್ತು, ನೂರಾ ಹತ್ತು. ಬಸುರಿಯರಿಗೆ ರಕ್ತದೊತ್ತಡ ಹೀಗೆ ಏರಿ, ಮೈ ಊದಿ, ತಲೆನೋವು ಬರುವುದನ್ನು ಪ್ರಿ-ಎಕ್ಲಾಂಪ್ಸಿಯಾ ಅನ್ನುತ್ತಾರೆ. ಕಣ್ಣ ಮುಂದೆ ಬೆಳಕು ಮಿನುಗುವುದು ಅದರ ಕೊನೆಯ ಎಚ್ಚರಿಕೆಗಳಲ್ಲಿ ಒಂದು. ಮುಂದಿನದು ಫಿಟ್ಸ್. ಫಿಟ್ಸ್ ಬಂದರೆ ತಾಯಿ, ಮಗು ಇಬ್ಬರೂ ಹೋಗಬಹುದು. ಅದನ್ನು ತಡೆಯುವ ಇಂಜೆಕ್ಷನ್ ನನ್ನ ಚೀಲದಲ್ಲಿ ಇರಲಿಲ್ಲ, ಬಂಗಾರಪೇಟೆಯ ಆಸ್ಪತ್ರೆಯಲ್ಲಿತ್ತು.

ನಾನು ಬಿ.ಪಿ. ಪಟ್ಟಿ ಬಿಚ್ಚುತ್ತಿದ್ದಾಗಲೇ ಬೀದಿಬಾಗಿಲಿನ ಅಗುಳಿ ಬಿದ್ದ ಸದ್ದು ಕೇಳಿಸಿತು. ಎದ್ದು ಹೋಗಿ ನೋಡಿದರೆ ಮುನಿವೆಂಕಟಮ್ಮ ಬಾಗಿಲಿಗೆ ಬೆನ್ನು ಕೊಟ್ಟು ಕೂತಿದ್ದರು. "ಒತ್ತು ಮುಳುಗ್ತು. ಇನ್ ಬೆಳಕಾಗೋಗಂಟ ಬಾಗ್ಲು ತೆಗ್ಯಂಗಿಲ್ಲ. ನೀವೂ ಇಲ್ಲೇ ಇರಿ," ಅಂದರು.

ಫೋನ್ ತೆಗೆದೆ. ಸಿಗ್ನಲ್ ಇಲ್ಲ. ಆ ಊರಲ್ಲಿ ಮಾತಾಡಬೇಕಾದರೆ ನೀರಿನ ಟ್ಯಾಂಕಿನ ಹತ್ತಿರ ಹೋಗಬೇಕು. ನನಗೆ ಸಿಟ್ಟು ನೆತ್ತಿಗೇರಿತು. ಅದು ಗ್ರಹವಲ್ಲ, ಇಂಟರ್ನೆಟ್ ಕೊಡುವ ಯಂತ್ರ ಅಂತ ಕೂಗಾಡಿದೆ.

"ಇಂಟರ್ನೆಟ್ ಕೊಡೋವಾಗಿದ್ರೆ ನನ್ ಮನೆ ಒಳಗೆ ನಿಮ್ ಪೋನ್‌ಗೆ ಯಾಕ್ ಸಿಗ್ನಲ್ ಬರಲ್ಲ?" ಅಂದರು ಮುನಿವೆಂಕಟಮ್ಮ.

ಫೋನನ್ನು ಚೀಲಕ್ಕೆ ಹಾಕಿಕೊಂಡು ಒಳಕೋಣೆಗೆ ಮರಳಿದೆ.

ಕಿಟಕಿಯ ಗೋಣಿಯನ್ನು ಸ್ವಲ್ಪ ಸರಿಸಿ ಪೆರುಮಾಳರನ್ನು ಕರೆದೆ. ಟ್ಯಾಂಕಿನ ಹತ್ತಿರ ಹೋಗಿ ನೂರಾ ಎಂಟಕ್ಕೆ ಫೋನ್ ಮಾಡಿ, ಆಂಬುಲೆನ್ಸ್ ತಡವಾದರೆ ನಿಮ್ಮ ಮಗಳು ಉಳಿಯುವುದಿಲ್ಲ ಅಂತ ಇದ್ದದ್ದನ್ನೇ ಹೇಳಿದೆ. ಕೆಮ್ಮಿನ ಮನುಷ್ಯ ಓಡಿಬಿಟ್ಟರು. ಗಾಡಿ ಹೊರಟಿದೆಯಂತೆ ಅಂತ ಮರಳಿ ಬಂದವರೇ ಕಿಟಕಿಯ ಸರಳನ್ನು ಬೀಡಿಪೆಟ್ಟಿಗೆಯಿಂದ ಟಕ್ ಟಕ್ ಅಂತ ಬಡಿಯುತ್ತಾ ನಿಂತರು. ಗಣಿಯೊಳಗೆ ಮಣ್ಣು ಕುಸಿದು ಯಾರಾದರೂ ಸಿಕ್ಕಿಹಾಕಿಕೊಂಡರೆ ಆಚೆಯವರು ಹೀಗೆ ಪೈಪು ಬಡಿಯುತ್ತಿದ್ದರಂತೆ. ಬಡಿತ ಕೇಳಿಸಿದಾಗೆಲ್ಲ ಸುಗುಣ ಗೋಡೆಯ ಮೇಲೆ ಬೆರಳಿನಿಂದ ಬಡಿದು ಉತ್ತರ ಕೊಡುತ್ತಿದ್ದಳು. ಅವಳ ಬೆರಳು ನಿಧಾನವಾಗುತ್ತಿರುವುದು ನನಗೆ ಗೊತ್ತಾಗುತ್ತಿತ್ತು.

ಮುನಿವೆಂಕಟಮ್ಮನ ಪಕ್ಕದಲ್ಲಿ ಹೋಗಿ ನೆಲದ ಮೇಲೆ ಕೂತೆ. ಈ ಸಲ ಕೂಗಲಿಲ್ಲ. ಯಾಕಮ್ಮ ಇಷ್ಟು ಹೆದರಿಕೆ ಅಂತ ಕೇಳಿದೆ, ಅಷ್ಟೇ.

"ನನ್ ಮೊದಲ್ನೇದು ಗಂಡು ಕೂಸು ಸಿಸ್ಟರಮ್ಮ," ಅಂದರು. "ಗ್ರಹಣದ ದಿನ ಅಸ ಅಗ್ಗ ಕಿತ್ಕಂಡು ಓಡ್ತು. ಇಡಿಯೋಕೆ ಅಂತ ಈಚೆ ಬಂದೆ. ಎತ್ತ ಮೇಲೆ ಕೂಸು ಅಳ್ಳೇ ಇಲ್ಲ. ಇವತ್ಗೂ ಎಲ್ರೂ ನನ್ನೇ ಅಂತಾರೆ."

ಕಣ್ಣೊರೆಸಿಕೊಂಡ ಕೈಯಿಂದಲೇ ಮತ್ತೆ ಅಗುಳಿಯನ್ನು ಮುಟ್ಟಿ ನೋಡಿದರು. ಅಯ್ಯೋ ಅನ್ನಿಸಿತು. ಎಷ್ಟೋ ವರ್ಷಗಳಿಂದ ಆ ಹೆಂಗಸು ಆ ಬಾಗಿಲ ಹಿಂದೆ ಸಿಕ್ಕಿಕೊಂಡಿದ್ದರು. ಇನ್ನು ಅವರ ಹತ್ತಿರ ವಾದ ಮಾಡಿ ಗೆಲ್ಲುವ ಆಸೆಯನ್ನು ಬಿಟ್ಟೆ.

"ಸುಗುಣನ ಮೇಲೆ ಅವುಗಳ ದೃಷ್ಟಿ ಬೀಳಬಾರದು, ಅಷ್ಟೇ ತಾನೇ?" ಅಂದೆ.

"ಊಂ. ಒಟ್ಟೆ ಮೇಲೆ ಬೀಳ್ಬಾರ್ದು."

"ಮನೇಲಿ ಕರೀಕಂಬಳಿ ಇದೆಯಾ? ತನ್ನಿ. ನೀವೇ ಹಿಡೀರಿ. ಒಂದು ಚುಕ್ಕಿಯೂ ಅವಳನ್ನ ನೋಡದ ಹಾಗೆ ಗಾಡಿಯ ತನಕ ನೀವೇ ನಡೆಸಿಕೊಂಡು ಬನ್ನಿ."

ಅವರು ನನ್ನ ಮುಖವನ್ನೇ ನೋಡಿದರು. ಆ ಹೊತ್ತಿಗೆ ಸರಿಯಾಗಿ ಒಳಗೆ ಸುಗುಣ ವಾಂತಿ ಮಾಡಿಕೊಂಡ ಸದ್ದು. ಆಚೆ ಪೆರುಮಾಳ್ ಬಡಿದರು, ಒಳಗಿನಿಂದ ಉತ್ತರ ಬರಲಿಲ್ಲ. ಮತ್ತೆ ಬಡಿದರು. ಮುನಿವೆಂಕಟಮ್ಮ ಎದ್ದರು. ಅಟ್ಟದ ಮೇಲಿನ ಕಂಬಳಿ ಎಳೆದುಕೊಂಡು ಬಂದು ಅಗುಳಿಯನ್ನು ತಾವೇ ತೆಗೆದರು.

ಅಷ್ಟರಲ್ಲಿ ಆಂಬುಲೆನ್ಸ್ ಬಂದಿತ್ತು, ಆದರೆ ಓಣಿಯೊಳಕ್ಕೆ ಬರುವಂತಿರಲಿಲ್ಲ, ರಸ್ತೆಯ ತಿರುವಿನಲ್ಲಿ ನಿಂತಿತ್ತು. ಕಂಬಳಿಯ ಮುಂದಿನ ಎರಡು ಮೂಲೆಯನ್ನು ಮುನಿವೆಂಕಟಮ್ಮ ಮತ್ತು ಆಂಬುಲೆನ್ಸಿನ ಹುಡುಗಿ ಹಿಡಿದರು, ಹಿಂದಿನದನ್ನು ಪೆರುಮಾಳ್ ಮತ್ತು ಡ್ರೈವರ್. ಕೆಳಗೆ ನಾನು ಸುಗುಣಳ ಸೊಂಟ ಹಿಡಿದು ಒಂದೊಂದೇ ಹೆಜ್ಜೆ ಇಡಿಸಿದೆ. ಅರ್ಧ ಓಣಿ ದಾಟಿರಲಿಲ್ಲ, ಪಕ್ಕದ ಮನೆಯ ಮಾಳಿಗೆಯಿಂದ "ಬಂದ್ವು, ಬಂದ್ವು" ಅಂತ ಕೂಗು ಕೇಳಿಸಿತು. ಮುನಿವೆಂಕಟಮ್ಮ ಕಂಬಳಿಯ ಮೂಲೆಯನ್ನು ಇನ್ನಷ್ಟು ಕೆಳಕ್ಕೆ ಎಳೆದುಕೊಂಡರು. ಆದರೆ ಅವರು ನಿಲ್ಲಲಿಲ್ಲ, ಮೇಲಕ್ಕೂ ನೋಡಲಿಲ್ಲ.

"ಬಯಪಡಬೇಡಿ ಸಂಬಂದಿಯಮ್ಮಾ," ಅಂತ ಹಿಂದಿನಿಂದ ಪೆರುಮಾಳ್ ಬೀಗಿತ್ತಿಗೆ ಹೇಳಿದರು. "ಮೈನ್ ಒಳಗೆ ನಾನು ಸಿಕ್ಕಾಕೊಂಡಿದ್ದಾಗ ಇಂಗೇ ಲೈಟು ಲೈನಾ ಬಂತು. ನನ್ನ ಮೇಲಕ್ಕೆ ಕರ್ಕೊಂಡೋಗೋಕೆ ಬಂದೋರು."

ಬಂಗಾರಪೇಟೆಯಲ್ಲಿ ಇಂಜೆಕ್ಷನ್ ಕೊಟ್ಟು ಕೋಲಾರಕ್ಕೆ ಕಳಿಸಿದರು. ಅಲ್ಲಿ ಸಿಸೇರಿಯನ್ ಆಯಿತು. ಹೆಣ್ಣು ಮಗು, ಒಂದೂ ಮುಕ್ಕಾಲು ಕೆಜಿ. ಮಗು ಅತ್ತ ಸದ್ದು ಬಾಗಿಲಾಚೆಗೆ ಕೇಳಿಸಿದಾಗ ಮುನಿವೆಂಕಟಮ್ಮ ಆಸ್ಪತ್ರೆಯ ನೆಲದ ಮೇಲೆ ಕುಸಿದು ಕೂತು ಕಂಬಳಿಯಲ್ಲಿ ಮುಖ ಹುದುಗಿಸಿದರು. ನಾನೂ ಅತ್ತೆ.

ಬಾಣಂತನಕ್ಕೆ ಸುಗುಣ ಚಾಂಪಿಯನ್ ರೀಫ್ಸ್‌ಗೆ ಹೋದಳು. ಅದು ನನ್ನ ವ್ಯಾಪ್ತಿಯಲ್ಲ, ಆದರೂ ನೋಡಲು ಹೋದೆ. ಗಣಿ ಕಾರ್ಮಿಕರ ಹಳೆಯ ಸಾಲುಮನೆ, ಬಾಗಿಲು ಹಾರು ಹೊಡೆದಿತ್ತು. ಮಗುವನ್ನು ಕಾಲ ಮೇಲೆ ಹಾಕಿಕೊಂಡು ಕೂತಿದ್ದಳು. ಆವತ್ತಿನ ಮಾತು ಬಂತು. ಕಸದ ಗಾಡಿ ಊರಿಗೆಲ್ಲ ಹೇಳಿತು, ಮೇಷ್ಟ್ರು ವಿವರಿಸಿದರು, ಅತ್ತೆ ಅಗುಳಿ ಹಾಕಿದರು, ನಾನು ಕೂಗಾಡಿದೆ, ಕಂಬಳಿಯ ಉಪಾಯವನ್ನೂ ನಾನೇ ಹೂಡಿದೆ. ಒಳಗೆ ಇದ್ದವಳನ್ನು ಮಾತ್ರ ಯಾರೂ ಒಂದು ಮಾತು ಕೇಳಿರಲಿಲ್ಲ ಅಂತ ನನಗೆ ಹೊಳೆದದ್ದು ಅಲ್ಲಿ. ಅಷ್ಟು ವರ್ಷದ ನೌಕರಿ ಕಲಿಸಬೇಕಾಗಿದ್ದನ್ನು ಕೊನೆಯ ವರ್ಷ ಕಲಿಸಿತು. ಆಮೇಲೆ ಯಾವ ಮನೆಗೆ ಹೋದರೂ ಮನೆಯವರು ಎಷ್ಟೇ ಮಾತಾಡಲಿ, ಮೊದಲು ಬಸುರಿಯ ಪಕ್ಕದಲ್ಲಿ ಕೂತು ಅವಳನ್ನೇ ಕೇಳುತ್ತಿದ್ದೆ.

ಅಂದು ಆ ಸಾಲುಮನೆಯಲ್ಲೇ ಸುಗುಣಳನ್ನು ಕೇಳಿದೆ, ನಿನಗೂ ಆ ಲೈಟಿನ ಭಯ ಇತ್ತೇನಮ್ಮ ಅಂತ.

ಅವಳು ನಕ್ಕಳು. "ಊರಲ್ಲಿ ಎಲ್ರೂ ನೋಡಿದ್ರು ಸಿಸ್ಟರ್, ನಾನೊಬ್ಳೇ ನೋಡಿರ್ಲಿಲ್ಲ. ಅದಕ್ಕೇ ಆವತ್ತು ಓಣೀಲಿ ಕಂಬಳಿ ಅಂಚು ಎತ್ತಿ ಒಂದ್ ಸಲ ನೋಡ್ಬಿಟ್ಟೆ. ಅತ್ತೆಗೆ ಏಳ್ಬೇಡಿ."

"ಏನನ್ನಿಸ್ತು?"

ಕಾಲ ಮೇಲಿನ ಮಗುವಿನ ಕುಲಾವಿಯನ್ನು ಸರಿಮಾಡಿದಳು.

"ಇಷ್ಟೇನಾ ಅನ್ನಿಸ್ತು."