ಗುಹೆಯ ಮುದುಕಿಯ ಸಾಕ್ಷಿ

ಮೊಮ್ಮಗಳು ಪಿಟೀಲು ಕಲಿಯಲು ಸೇರಿದ್ದಾಳೆ. ಮೊನ್ನೆ ಕಮಾನಿಗೆ ಉಜ್ಜುವ ರಾಳದ ತುಂಡನ್ನು ನನ್ನ ಮೂಗಿಗೆ ಹಿಡಿದು, "ಅಜ್ಜಿ, ಇದು ಎಂಥದ್ದರ ವಾಸನೆ ಹೇಳಿ ನೋಡುವ" ಅಂದಳು. ನಾನು ಹೇಳಲಿಲ್ಲ. ಹೇಳಹೊರಟರೆ ಒಬ್ಬ ಮನುಷ್ಯನ ಕತೆಯನ್ನೇ ಹೇಳಬೇಕಾಗುತ್ತಿತ್ತು...

ವೇಣೂರಿನಲ್ಲಿ ಅವರು ನಮ್ಮ ಶಾಲೆಯ ಮಾಸ್ಟ್ರು. ಭಾನುವಾರ ಇಗರ್ಜಿಯಲ್ಲಿ ಪಿಟೀಲು ಬಾರಿಸಿ ಲ್ಯಾಟಿನ್ ಹಾಡುಗಳನ್ನು ಹಾಡಿಸುವವರು. ಹಾಗಾಗಿ ಅವರ ಅಂಗಿಯ ಕಿಸೆಗೆ ಸದಾ ರಾಳದ ವಾಸನೆ. ಅವರನ್ನು ಹೆತ್ತು ತಾಯಿ ತೀರಿಕೊಂಡಾಗ, ಅದೇ ತಿಂಗಳು ನನ್ನ ಅಪ್ಪನನ್ನು ಹೆತ್ತಿದ್ದ ಅಜ್ಜಿ ಆ ಮಗುವಿಗೂ ಹಾಲು ಕೊಟ್ಟಿದ್ದಳು. ನಲವತ್ತು ದಾಟಿದ ಮೇಲೂ ಅವರು ನನ್ನಜ್ಜಿಯನ್ನು ತುಳುವಿನಲ್ಲಿ 'ಅಪ್ಪೆ', ಅಂದರೆ ಅಮ್ಮ, ಎಂದೇ ಕರೆಯುತ್ತಿದ್ದರು. ಕ್ರಿಸ್ಮಸ್ಸಿಗೆ ಅವರ ಮನೆಯಿಂದ ತಟ್ಟೆ ತುಂಬ ಕರಿದ ತಿಂಡಿ ಬರುತ್ತಿತ್ತು. ಅಜ್ಜಿ ಆ ತಟ್ಟೆಯನ್ನು ಒಮ್ಮೆಯೂ ಖಾಲಿ ಕಳಿಸಿದವಳಲ್ಲ.

ಐವತ್ತರ ದಶಕದ ನಡುವೆ ಇರಬೇಕು, ನಾನು ಐದನೇ ಕ್ಲಾಸು. ಇಗರ್ಜಿಯ ಧರ್ಮಪಾಠ ಕೇಳಿಬಂದ ಗೆಳತಿಯೊಬ್ಬಳು, "ನಿನ್ನ ಅಜ್ಜಿಗೆ ಜ್ಞಾನಸ್ನಾನ ಆಗಿಲ್ಲ ಅಲ್ವಾ? ಸತ್ತರೆ ನರಕಕ್ಕೇ" ಅಂದಳು. ನನಗೆ ಆಗಲೂ ಸಿಟ್ಟು ಮೂಗಿನ ತುದಿಯಲ್ಲಿ. ಅವಳ ಜಡೆ ಹಿಡಿದೆಳೆದೆ. ಬೈಯಲು ಬಂದ ಮಾಸ್ಟ್ರು ಕಾರಣ ಕೇಳಿದವರೇ ಬೆತ್ತ ಕೆಳಗಿಟ್ಟರು. ಆ ಭಯ ಅವರೊಳಗೂ ಇತ್ತೆಂದು ನನಗೆ ಅರ್ಥವಾದದ್ದು ಬಹಳ ತಡವಾಗಿ.

ಶಾಲೆ ಬಿಟ್ಟ ಮೇಲೆ ನನ್ನನ್ನು ಕರೆದರು. "ಯೇಸು ಹುಟ್ಟುವುದಕ್ಕಿಂತ ಎಷ್ಟೋ ಮೊದಲು ಒಬ್ಬಳು ಮುದುಕಿ ಇದ್ದಳಂತೆ ಮಗಾ. ಯೆಹೂದ್ಯಳಲ್ಲ, ನಮ್ಮವಳೂ ಅಲ್ಲ. ಗುಹೆಯಲ್ಲಿ ಕೂತು, ಒಬ್ಬ ರಾಜ ಬರ್ತಾನೆ ಅಂತ ಹೇಳಿದಳಂತೆ. ನಾವು ಸತ್ತವರಿಗೆ ಹಾಡುವ ಹಾಡಿನಲ್ಲಿ ನಮ್ಮ ಬೈಬಲಿನ ದಾವೀದ ರಾಜನ ಪಕ್ಕ ಅವಳ ಸಾಕ್ಷಿಯೂ ಉಂಟು. ಅವಳಿಗೆ ಅಲ್ಲಿ ಜಾಗ ಉಂಟಾದರೆ ಅಪ್ಪೆಗೆ ಇಲ್ಲವಾ?"

"ನಮ್ಮಲ್ಲಿ ಭೂತದ ದರ್ಶನ ಬಂದು ನುಡಿ ಕೊಡ್ತಾರಲ್ಲ, ಹಾಗಾ?" ಅಂದೆ.

"ಮೆಲ್ಲ ಹೇಳು ಮಾರಾಯ್ತಿ! ಪಾದ್ರಿಗಳು ಕೇಳಿದ್ರೆ ನನ್ನ ಪಿಟೀಲು ಹೋಯಿತು" ಎಂದು ನಕ್ಕರು.

ಮುಂದಿನ ವರ್ಷ ಅಜ್ಜಿ ಹಾಸಿಗೆ ಹಿಡಿದಳು. ಮಾಸ್ಟ್ರು ಹೊಸದಾಗಿ ಬಂದ ಪಾದ್ರಿಗಳಲ್ಲಿ ಹೋಗಿ, ಆ ಮುದುಕಿಯ ಕತೆ ಹೇಳಿ, ಅಪ್ಪೆಗೂ ಸ್ವರ್ಗದಲ್ಲಿ ಜಾಗ ಉಂಟಾ ಎಂದು ಕೇಳಿದರಂತೆ. ಹೊರಗಿನವರಿಗೂ ದೇವರು ಮಾತು ಕೊಟ್ಟದ್ದುಂಟು ಎಂದರಂತೆ ಪಾದ್ರಿಗಳು. ಬೈಬಲಿನಲ್ಲಿ ದೇವರ ಮಾತು ನುಡಿದ ಬಿಳಾಮ ಹೊರಗಿನವನೇ, ಯೇಸು ಹುಟ್ಟಿದಾಗ ನಕ್ಷತ್ರ ನೋಡಿ ಬಂದ ಜ್ಞಾನಿಗಳೂ ಹೊರಗಿನವರೇ. ಆದರೆ ಆ ಮುದುಕಿಯ ಹೆಸರಿನ ಪದ್ಯಗಳಲ್ಲಿ ಹೆಚ್ಚಿನವನ್ನು ಆಮೇಲೆ ನಮ್ಮವರೇ ಬರೆದು ಸೇರಿಸಿದ್ದು, ಅವನ್ನು ನೆಚ್ಚಿಕೊಂಡು ಕೂರಬೇಡಿ. ನಿಮ್ಮ ಅಪ್ಪೆಯನ್ನು ದೇವರ ಕೈಗೆ ಬಿಡಿ. ಆಕೆಯೇ ಬಯಸಿದರೆ, ಕೊನೆಗಳಿಗೆಯಲ್ಲಿ ನೀವೇ ತಲೆಗೆ ನೀರು ಹಾಕಿ ಜ್ಞಾನಸ್ನಾನ ಕೊಡಬಹುದು ಎಂದರಂತೆ.

ಇದನ್ನೆಲ್ಲ ನಮ್ಮ ಜಗಲಿಯಲ್ಲಿ ಕೂತು ಹೇಳುವಾಗ ಅವರ ಮುಖ ಬಾಡಿತ್ತು. "ನಮ್ಮವರೇ ಬರೆದದ್ದಂತೆ ಮಗಾ. ಇರಲಿ. ಬರೆದವನಿಗೂ ಹೊರಗಿನ ಒಬ್ಬಳು ಬೇಕಾಯಿತಲ್ಲ..."

ಮರುದಿನ ಮಧ್ಯಾಹ್ನ ಸಣ್ಣ ಬಾಟ್ಲಿಯಲ್ಲಿ ಇಗರ್ಜಿಯ ಮಂತ್ರಿಸಿದ ನೀರು ತಂದರು. ಅಪ್ಪ ಗದ್ದೆಯಲ್ಲಿದ್ದ. ಅಜ್ಜಿಗೆ ನಿದ್ದೆ. ನೀರನ್ನು ಲೋಟಕ್ಕೆ ಬಗ್ಗಿಸಿ ಅವಳ ತಲೆಯ ಹತ್ತಿರ ಹಿಡಿದರು. ಕೇಳದೆ ಹಾಕಲು ಮನಸ್ಸಿಲ್ಲ, ಎಬ್ಬಿಸಿ ಕೇಳಲು ಧೈರ್ಯವಿಲ್ಲ. ಅಷ್ಟರಲ್ಲಿ ಅಜ್ಜಿ ಕಣ್ಣು ಬಿಟ್ಟಳು. ಅವರನ್ನು ನೋಡಿದಳು, ಲೋಟ ನೋಡಿದಳು. ಎರಡೂ ಕೈಯಲ್ಲಿ ಲೋಟ ತೆಗೆದುಕೊಂಡು ಗಟಗಟ ಕುಡಿದೇಬಿಟ್ಟಳು!

"ಉಪ್ಪುಂಟಲ್ಲ ಮಗಾ ಇದರಲ್ಲಿ?" ಅಂದಳು.

"ಹೌದಪ್ಪೆ, ಸ್ವಲ್ಪ ಉಪ್ಪು ಹಾಕ್ತಾರೆ" ಎಂದು ಮಾಸ್ಟ್ರು ಖಾಲಿ ಲೋಟ ಹಿಡಿದುಕೊಂಡು ಹೊರಗೆ ಹೋದರು.

ಅವರು ಅಂಗಳ ದಾಟಿದ ಮೇಲೆ ಅಜ್ಜಿ ನನ್ನನ್ನು ಹತ್ತಿರ ಕರೆದಳು. "ಅದು ತಲೆಗೆ ಹಾಕಲು ತಂದದ್ದು, ನನಗೆ ಗೊತ್ತಿಲ್ಲವಾ? ಹಾಕು ಅಂದ್ರೆ ನಿನ್ನಪ್ಪನಿಗೆ ಬೇಸರ, ಬೇಡ ಅಂದ್ರೆ ಇವನಿಗೆ ಬೇಸರ. ಇಬ್ಬರಿಗೂ ಹಾಲು ಕೊಟ್ಟದ್ದು ನಾನೇ ಅಲ್ಲವಾ. ಕುಡಿದುಬಿಟ್ಟೆ. ಯಾರಿಗೂ ಹೇಳಬೇಡ." ನಾಲ್ಕು ದಿನ ಬಿಟ್ಟು ಹೋದಳು.

ನನ್ನನ್ನು ಮಿಜಾರು ಊರಿಗೆ ಮದುವೆ ಮಾಡಿಕೊಟ್ಟರು. ಮಾಸ್ಟ್ರಿಗೆ ಜೋರು ಕಾಯಿಲೆ ಎಂದು ಕೇಳಿ ನೋಡಲು ಹೋದೆ. ಕಿಸೆಯಿಲ್ಲದ ಬನಿಯನ್ನಿನಲ್ಲಿ ಮಲಗಿದ್ದರು. ಆದರೂ ರಾಳದ ವಾಸನೆ ಇತ್ತು. "ನೀರು ಹಾಕಲಿಕ್ಕೆ ಆಗಲಿಲ್ಲ ಮಗಾ ಆವತ್ತು. ಅಪ್ಪೆಯನ್ನು ನಾನೇ ಹೊರಗೆ ನಿಲ್ಲಿಸಿ ಬಂದೆನಾ ಅಂತ... ಆಮೇಲೆ ಅವಳು ಏನಾದರೂ ಹೇಳಿದಳಾ?"

"ಇಲ್ಲ" ಅಂದೆ. ಅಜ್ಜಿಗೆ ಮಾತು ಕೊಟ್ಟಿದ್ದೆನಲ್ಲ, ಅದನ್ನು ಉಳಿಸಿಕೊಂಡೆ ಎಂದು ಬಸ್ಸಿನಲ್ಲಿ ಬರುವಾಗ ಹೆಮ್ಮೆಯೂ ಆಗಿತ್ತು, ಎಂಥ ಪೆದ್ದಿ ನಾನು.

ಅವರು ತೀರಿಕೊಂಡಾಗ ಅರವತ್ತರ ದಶಕ ಮುಗಿಯುತ್ತಿತ್ತು. ಇಗರ್ಜಿಯ ಪೂಜೆ ಲ್ಯಾಟಿನ್ ಬಿಟ್ಟು ಕೊಂಕಣಿಗೆ ಬಂದಿತ್ತು. ನಾನು ಇಗರ್ಜಿಯ ಬಾಗಿಲಲ್ಲಿ ನಿಂತು, ಸತ್ತವರಿಗೆ ಹಾಡುವ ಆ ಹಾಡಿಗಾಗಿ ಕಾದೆ. ಹಾಡಲಿಲ್ಲ. ಅದನ್ನೀಗ ಬಿಟ್ಟಿದ್ದಾರೆ ಎಂದು ಪಕ್ಕದವರು ಹೇಳಿದರು. ಹಾಡಿನ ಜೊತೆಗೆ ಗುಹೆಯ ಮುದುಕಿಯೂ ಹೋಗಿದ್ದಳು. ಅಲ್ಲಿ ಸಾಕ್ಷಿ ಹೇಳಬಹುದಾಗಿದ್ದ ಹೊರಗಿನವಳು ನಾನೊಬ್ಬಳೇ. ನಾನೂ ಬಾಯಿ ಬಿಡಲಿಲ್ಲ.

ಮೊಮ್ಮಗಳು ಒಳಗೆ ಕಮಾನು ಎಳೆಯುತ್ತಿದ್ದಾಳೆ. ಸ್ವರ ಇನ್ನೂ ಕೂತಿಲ್ಲ. ನನ್ನ ಬೆರಳಿಗೆ ರಾಳ ಅಂಟಿಕೊಂಡಿದೆ.

ಅಪ್ಪೆಗೆ ಗೊತ್ತಿತ್ತು ಮಾಸ್ಟ್ರೇ. ನಿಮ್ಮ ನೀರು ಅಂತ ಗೊತ್ತಿದ್ದೇ ಕುಡಿದಳು.