ಮುದ್ರೆ ಇಲ್ಲದ ಹೀಟರ್ ಕಾಯಿಲ್

ಎದುರುಮನೆಯ ಕಿಟಕಿಯಿಂದ ಇವತ್ತು ಬೆಳಗ್ಗೆ ಸಾಂಬ್ರಾಣಿ ಹೊಗೆ ಬಂತು. ಕೂಸಿಗೆ ಎರೆದಿದ್ದಾರೆ ಅಂದುಕೊಂಡೆ. ಅಷ್ಟಕ್ಕೇ ರಾವಂದೂರಿನ ತವರುಮನೆಯ ಬಚ್ಚಲು ಕಣ್ಣೆದುರು ಬಂತು... ಅಲ್ಲಿ ಕಾಲು ಚಾಚಿ ಕೂತ ಪಕ್ಕದ ಮನೆ ದೊಡ್ಡವ್ವನೂ.

ನಮ್ಮ ಬೀದಿಯ ಬಾಣಂತಿಯರಿಗೆಲ್ಲ ನೀರು ಹಾಕುತ್ತಿದ್ದವಳು ಅವಳೇ. ನೀರು ಸುಡುಸುಡು ಇರಬೇಕು, ಎರೆದು ಮುಗಿಯುವ ತನಕ ಆರಬಾರದು. ನನ್ನ ಬಾಣಂತನ ಮಳೆಗಾಲಕ್ಕೆ ಬಿತ್ತು, ಸೌದೆಯೆಲ್ಲ ಹಸಿ. ಅಣ್ಣ ಸಂತೆಯಿಂದ ಹೀಟರ್ ಕಾಯಿಲ್ ತಂದ. ಅಮ್ಮ ಅದನ್ನು ತಾಮ್ರದ ಹಂಡೆಗೆ ಇಳಿಬಿಟ್ಟು ಸ್ವಿಚ್ ಹಾಕಿದಳು. ನೀರು ಆರದಿರಲೆಂದು ಸ್ವಿಚ್ ಆರಿಸದೆಯೇ ಚೆಂಬು ಅದ್ದುವುದು ನಮ್ಮ ಕಡೆ ಎಷ್ಟೋ ಮನೆಗಳ ರೂಢಿ. ಎಂಥಾ ಹುಚ್ಚು ಧೈರ್ಯ!

ದೊಡ್ಡವ್ವ ಕೂಸನ್ನು ನನ್ನ ಮಡಿಲಿಗೆ ಹಾಕಿ, "ಇದ್ರಲ್ಲಿ ಮುದ್ರೆ ಎಲ್ಲೈತ್ಲಾ?" ಎಂದು ಅಣ್ಣನನ್ನು ಕೇಳಿದಳು. ಐಎಸ್‌ಐ ಗುರುತನ್ನು ಅವಳು ಕರೆಯುತ್ತಿದ್ದುದೇ ಹಾಗೆ. ಹಿಂದೊಮ್ಮೆ ಆ ಗುರುತಿಲ್ಲದ ಪಂಪ್ ಸ್ಟೌ ಸಿಡಿದು ಅವಳ ಮುಂಗೈ ಬೆಂದಿತ್ತು.

"ನೀರು ಕಾದ್ರೆ ಸಾಲ್ದಾ ದೊಡ್ಡವ್ವ?" ಅಣ್ಣ ನಕ್ಕ.

"ಸರ್ಕಾರ್ದೋರು ಪರೀಕ್ಸೆ ಮಾಡಿ ಒತ್ತೋದು ಕಣ್ಲಾ ಅದು. ಮುದ್ರೆ ಇದ್ರೂವೆ ಸ್ವಿಚ್ ಆರ್ಸ್ಬೇಕು. ಇಲ್ದಿದ್ರೆ ನಾನು ನೀರೇ ಮುಟ್ಟಾಕಿಲ್ಲ."

ನನಗೆ ರೇಗಿತು. ಬೆನ್ನು ನೋವು, ಅಳುವ ಕೂಸು, ಮಧ್ಯೆ ಇವಳದೊಂದು ಸರ್ಕಾರ! ಅವಳ ಬಾಯಿ ಮುಚ್ಚಿಸಲೆಂದು ಅಣ್ಣ ಟೆಸ್ಟರ್ ತಂದು ಹಂಡೆಗೆ ತಾಗಿಸಿದ. ಟೆಸ್ಟರ್ ದೀಪ ಹತ್ತಿತು. ಹಂಡೆಗೇ ಕರೆಂಟು ಇಳಿದಿತ್ತು! ಅಮ್ಮ ಓಡಿ ಸ್ವಿಚ್ ಆರಿಸಿದಳು. ನಾನು ಕೂಸನ್ನು ಅವುಚಿಕೊಂಡು ಗಳಗಳನೆ ಅತ್ತುಬಿಟ್ಟೆ...

ದೊಡ್ಡವ್ವ ಅಷ್ಟಕ್ಕೇ ಬಿಡುವವಳಲ್ಲ. "ನಮ್ ಕೂಸು ಉಳ್ಕತು ಬುಡು. ಇಂಥದ್ನೇ ತಕ್ಕಂಡೋದೋರ ಮನೆ ಮಕ್ಕಳ ಗತಿ ಏನ್ಲಾ?" ಎಂದು ಅಣ್ಣನನ್ನು ಪಿರಿಯಾಪಟ್ಟಣದ ತಾಲ್ಲೂಕು ಕಚೇರಿಗೆ ಅಟ್ಟಿ ದೂರು ಕೊಡಿಸಿದಳು. ಮುಂದಿನ ಸಂತೆಗೆ ಅಧಿಕಾರಿಗಳು ಬಂದು ಗುರುತಿಲ್ಲದ ಕಾಯಿಲ್‌ಗಳನ್ನೆಲ್ಲ ಮೂಟೆ ಕಟ್ಟಿ ಜೀಪಿಗೆ ಹಾಕಿಕೊಂಡರು. ಮಾರುವವನು ಶಾಪ ಹಾಕುತ್ತಿದ್ದ. ದೊಡ್ಡವ್ವ ಅಧಿಕಾರಿಗಳನ್ನು ಕರೆದು ಮಜ್ಜಿಗೆ ಕೊಟ್ಟಳು. ಸರ್ಕಾರದವರು ಏನೂ ಮಾಡಲ್ಲ ಅಂತ ದಿನಾ ಗೊಣಗುವವಳು ನಾನು. ಆ ದಿನದ ಬಗ್ಗೆ ಮಾತ್ರ ಗೊಣಗಲಾರೆ.

ದೊಡ್ಡವ್ವ ಹೋಗಿ ವರ್ಷಗಳಾದವು. ಈಗಲೂ ತವರಿಗೆ ಹೋದರೆ ಪಕ್ಕದ ಮನೆ ಬಿಕೋ ಅನ್ನುತ್ತದೆ. ಅಂದಿನ ಕೂಸು ನನಗಿಂತ ಎತ್ತರ ಬೆಳೆದಿದ್ದಾಳೆ, ಅವಳಿಗೆ ದೊಡ್ಡವ್ವನ ಮುಖವೇ ನೆನಪಿಲ್ಲ. ಇವತ್ತು ನಾನು ಸುಮ್ಮನೆ ಕೂತಿದ್ದು ನೋಡಿ, "ಯಾರನ್ನ ನೆನೆಸ್ಕೊಂಡ್ಯಮ್ಮ?" ಎಂದಳು.

"ನಿಂಗೆ ಒಂದಿನ ನೀರು ಹಾಕಲ್ಲ ಅಂದೋಳನ್ನ ಕಣೇ," ಎಂದೆ. "ಅದಕ್ಕೇ ನೀನಿದೀಯ."